ಬಣ್ಣ ಹತ್ತಬೇಕೆ? ಮೊದಲು ಬಟ್ಟೆ ಹದ ಮಾಡಿ

ಮನೆಯಲ್ಲೇ ಗಿಡಮೂಲದ ಬಣ್ಣ ಹಾಕಲು ಹೊರಟವರ ಉತ್ಸಾಹವೆಲ್ಲ ಹೂವು, ಸಿಪ್ಪೆ ಕೂಡಿಹಾಕುವುದರಲ್ಲೇ ಮುಗಿದುಹೋಗುತ್ತದೆ. ಬಟ್ಟೆಯ ಕಡೆ ಯಾರೂ ನೋಡುವುದಿಲ್ಲ. ಎರಡನೇ ಒಗೆತಕ್ಕೇ ಬಣ್ಣ ಬಚ್ಚಲು ಸೇರುವುದು ಅದರಿಂದಲೇ. ಲೆಕ್ಕಕ್ಕೆ ಸುಲಭವಾಗಲೆಂದು 200 ಗ್ರಾಂ ತೂಗುವ ಬಿಳಿ ಹತ್ತಿ ದುಪಟ್ಟಾ ಒಂದನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

1. ನೂಲು ಯಾವುದೆಂದು ನೋಡಿಕೊಳ್ಳಿ. ಹತ್ತಿ, ಲಿನನ್, ರೇಷ್ಮೆ, ಉಣ್ಣೆ ಆಗಬಹುದು. ಪಾಲಿಯೆಸ್ಟರ್‌ಗೆ ಈ ಬಣ್ಣಗಳು ಹತ್ತುವುದಿಲ್ಲ. ಅನುಮಾನವಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ: ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಂಟಾಗುತ್ತದೆ. ದರ್ಜಿಯ ದಾರವೂ ಹೆಚ್ಚಾಗಿ ಪಾಲಿಯೆಸ್ಟರೇ ಆಗಿರುವುದರಿಂದ ಕುರ್ತಾ ಹೊಲಿಸುವ ಮೊದಲೇ ಬಣ್ಣ ಹಾಕಿ. ಇಲ್ಲವಾದರೆ ಹೊಲಿಗೆಯ ಗೆರೆಗಳು ಬೆಳ್ಳಗೆ ಎದ್ದು ಕಾಣುತ್ತವೆ. ಮನೆಯಲ್ಲಿ ಹಳೇ ಪಂಚೆ ಇದ್ದರೆ ಅದೃಷ್ಟ. ಒಗೆದೊಗೆದು ಮೆತ್ತಗಾದ ಬಟ್ಟೆ ಬಣ್ಣವನ್ನು ಚೆನ್ನಾಗಿ ಕುಡಿಯುತ್ತದೆ.

2. ಸೋಡಾ ಹಾಕಿ ಕುದಿಸಿ. ಹೊಸ ಬಟ್ಟೆಯಲ್ಲಿ ಮಗ್ಗದ ಗಂಜಿಯೂ ಹತ್ತಿಯ ಸಹಜ ಮೇಣವೂ ಇರುತ್ತವೆ. ಎರಡು ಚಮಚ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದು ಗಂಟೆ ಕುದಿಸಿ, ಜಾಲಿಸಿ, ಒಣಗಿಸಿ. ಮೇಲೆ ಒಂದು ಹನಿ ನೀರು ಬಿಡಿ. ತಕ್ಷಣ ಇಂಗಿದರೆ ಸರಿ; ಹನಿಯಾಗಿಯೇ ನಿಂತರೆ ಇನ್ನೊಮ್ಮೆ ಕುದಿಸಿ. ರೇಷ್ಮೆ, ಉಣ್ಣೆಗೆ ಸೋಡಾ ಮುಟ್ಟಿಸಬೇಡಿ. ಅವಕ್ಕೆ ಅಂಟುವಾಳದ ನೊರೆ ಸಾಕು.

3. ಅಳಲೆ ಮೊದಲು, ಪಟಿಕ ಆಮೇಲೆ. ಇಡೀ ಕೆಲಸದ ಜೀವ ಇಲ್ಲಿದೆ. ಬಣ್ಣವನ್ನು ನೂಲಿಗೆ ಕಟ್ಟಿಹಾಕುವುದು ಪಟಿಕ, ಆದರೆ ಅದು ಹತ್ತಿಯನ್ನು ತಾನಾಗಿ ಗಟ್ಟಿ ಹಿಡಿಯುವುದಿಲ್ಲ; ನಡುವೆ ಒಗರು ಬೇಕು. ಅಳಲೆಕಾಯಿಯಲ್ಲಿ ಆ ಒಗರು, ಅಂದರೆ ಟ್ಯಾನಿನ್, ಧಾರಾಳವಾಗಿದೆ. ಎರಡೂ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತವೆ. 40 ಗ್ರಾಂ ಅಳಲೆ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಸೋಸಿ, ಬಟ್ಟೆಯನ್ನು ರಾತ್ರಿಯೆಲ್ಲ ನೆನೆಸಿ. ಬೆಳಿಗ್ಗೆ ಹಿಂಡಿ, ತೊಳೆಯದೆ, ನೆರಳಲ್ಲಿ ಒಣಗಿಸಿ. ಬಟ್ಟೆ ಮಾಸಲು ಹಳದಿಯಾಗಿರುತ್ತದೆ, ಗಾಬರಿ ಬೇಡ. ಆಮೇಲೆ 30 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆ ಮುಳುಗುವಷ್ಟು ನೀರಿಗೆ ಬೆರೆಸಿ ಮತ್ತೊಂದು ರಾತ್ರಿ ಬಿಡಿ. ಶ್ರೀಕಾಳಹಸ್ತಿಯ ಕಲಂಕಾರಿಯವರು ಅಳಲೆಗೆ ಹಾಲನ್ನೂ ಸೇರಿಸುತ್ತಾರೆ. ಹಾಲಿನ ಜಿಡ್ಡಿದ್ದರೆ ಅವರು ಕಲಮಿನಲ್ಲಿ ಎಳೆದ ಗೆರೆ ಹರಡುವುದಿಲ್ಲ. ಇಡೀ ಬಟ್ಟೆಯನ್ನೇ ಮುಳುಗಿಸುವ ನಮಗೆ ಆ ಖರ್ಚು ಏಕೆ?

4. ಪಾತ್ರೆ ಸ್ಟೀಲಿನದಿರಲಿ. ಕಬ್ಬಿಣದ ಬಾಣಲೆ, ತಾಮ್ರದ ಹಂಡೆ ಬಣ್ಣವನ್ನೇ ಬದಲಿಸಿಬಿಡುತ್ತವೆ. ಬಣ್ಣಕ್ಕೆ ಕೊಟ್ಟ ಪಾತ್ರೆ ಮತ್ತೆ ಅಡುಗೆಮನೆಗೆ ಬರಕೂಡದು. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದಂಶವಿದ್ದರೆ ಹಳದಿ ಮಂಕಾಗುತ್ತದೆ. ಮಳೆನೀರು ಹಿಡಿದಿಟ್ಟುಕೊಂಡರೆ ಒಳ್ಳೆಯದು.

5. ಈರುಳ್ಳಿ ಸಿಪ್ಪೆಯಿಂದ ಶುರು ಮಾಡಿ. ತರಕಾರಿ ಅಂಗಡಿಯವರು ಗುಡಿಸಿ ಎಸೆಯುವ ಸಿಪ್ಪೆ ಇದು, ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಒಣ ಸಿಪ್ಪೆ 100ರಿಂದ 200 ಗ್ರಾಂ ಇರಲಿ. ಒಂದು ಗಂಟೆ ಕುದಿಸಿ ಸೋಸಿ. ಬಟ್ಟೆಯನ್ನು ಪೂರ್ತಿ ಒದ್ದೆ ಮಾಡಿಯೇ ಇಳಿಸಿ. ಒಂದು ತುದಿ ಒಣಗಿದ್ದರೂ ಅಲ್ಲಿ ಕಲೆ ಕೂರುತ್ತದೆ. ಸಣ್ಣ ಉರಿಯಲ್ಲಿ ಒಂದು ಗಂಟೆ, ಮಗುಚುತ್ತಾ ಇರಿ. ಅದೇ ನೀರಿನಲ್ಲಿ ಆರಲು ಬಿಡಿ. ಹೊಂಬಣ್ಣ ಬರುತ್ತದೆ.

6. ಬೀಟ್‌ರೂಟನ್ನು ಪಲ್ಯಕ್ಕೆ ಇಟ್ಟುಕೊಳ್ಳಿ. ಅದರ ಕೆಂಪು ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಅರಿಶಿನ ಸುಲಭವಾಗಿ ಹತ್ತುತ್ತದೆ, ಆದರೆ ಬಿಸಿಲಿಗೆ ಹಾರುತ್ತದೆ, ಸೋಪು ತಾಗಿದರೆ ಕೆಂಪಾಗುತ್ತದೆ. ಬಾಳಿಕೆಯ ಕೆಂಪು ಬೇಕೆಂದರೆ ಮಂಜಿಷ್ಠದ ಬೇರು ತನ್ನಿ. ಅದನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡಿ.

7. ಅಡಿಕೆ ಸೀಮೆಯವರಾದರೆ ಚೊಗರು ಬಿಡಬೇಡಿ. ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಈ ಕೆಂಗಂದು ರಸದಲ್ಲೇ ಬೇಕಾದಷ್ಟು ಒಗರಿದೆ, ಅಳಲೆಯ ಹಂಗಿಲ್ಲ. ಸಾಗರದ ಹೆಗ್ಗೋಡಿನ ಬಳಿ ಭೀಮನಕೋಣೆಯ ‘ಚರಕ’ ಸಂಘದ ಹೆಣ್ಣುಮಕ್ಕಳು ಕೈಮಗ್ಗದ ಬಟ್ಟೆಗೆ ಬಳಸುವ ಬಣ್ಣಗಳಲ್ಲಿ ಚೊಗರೂ ಒಂದು. ಕೃತಕ ಬಣ್ಣಕ್ಕೆ ಸಿಗದ ಆಳ ಇದಕ್ಕಿದೆ ಎಂಬುದು ನನ್ನ ಪಕ್ಷಪಾತ.

8. ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಚಿಟಿಕೆಯಷ್ಟೇ. ನಮ್ಮ ದುಪಟ್ಟಾಗೆ 2ರಿಂದ 4 ಗ್ರಾಂ ಸಾಕು. ಬೇರೆ ಬಕೆಟ್ಟಿನಲ್ಲಿ ಕರಗಿಸಿ ಬಣ್ಣ ಹಾಕಿದ ಬಟ್ಟೆಯನ್ನು ಅದ್ದಿದರೆ ಈರುಳ್ಳಿಯ ಹೊಂಬಣ್ಣ ಕಣ್ಣೆದುರೇ ಪಾಚಿ ಹಸಿರಿಗೆ ತಿರುಗುತ್ತದೆ. ಹೆಚ್ಚಾದರೆ ನೂಲು ಟೊಳ್ಳಾಗಿ ಬಟ್ಟೆ ಹರಿಯುತ್ತದೆ. ಕೈಗವಸು ಹಾಕಿಕೊಳ್ಳಿ, ಪೊಟ್ಟಣ ಮಕ್ಕಳ ಕೈಗೆ ಸಿಗದಿರಲಿ. ತಾಮ್ರದ ಉಪ್ಪಾದ ಮೈಲುತುತ್ತವನ್ನಂತೂ ಮನೆಯೊಳಗೆ ತರಲೇಬೇಡಿ.

9. ನೀಲಿ ಸದ್ಯಕ್ಕೆ ಬೇಡ. ಅದು ನೀರಿನಲ್ಲಿ ಕರಗದ ಬಣ್ಣ. ಹುಳಿಯಿಸಿಯೋ ಬೇರೆ ರೀತಿಯಲ್ಲೋ ಅದನ್ನು ಕರಗುವ ರೂಪಕ್ಕೆ ತಂದರಷ್ಟೇ ನೂಲಿಗೆ ಇಳಿಯುತ್ತದೆ. ಬೇರೆಯದೇ ವಿದ್ಯೆ.

10. ಬಣ್ಣ ಹಾಕಿದ ದಿನವೇ ಒಗೆಯಬೇಡಿ. ನೆರಳಲ್ಲಿ ಒಣಗಿಸಿ, ಎರಡು ದಿನ ಬಿಟ್ಟು, ಅಂಟುವಾಳದಲ್ಲಿ ಬೇರೆಯಾಗಿ ಒಗೆಯಿರಿ. ಬಣ್ಣ ಹಾಕುವಾಗಲೇ ಅದೇ ಪಾತ್ರೆಯಲ್ಲಿ ಅಂಗೈಯಗಲದ ಒಂದು ತುಂಡನ್ನೂ ಅದ್ದಿರಿ. ಅದರ ಅರ್ಧಕ್ಕೆ ರಟ್ಟು ಮುಚ್ಚಿ ಎರಡು ವಾರ ಬಿಸಿಲು ಬೀಳುವ ಕಿಟಕಿಯಲ್ಲಿಡಿ. ರಟ್ಟು ತೆಗೆದಾಗ ಎರಡು ಭಾಗಗಳ ನಡುವೆ ಗೆರೆ ಎದ್ದು ಕಂಡರೆ ಆ ಬಣ್ಣವನ್ನು ಪರದೆಗೆ ಬಳಸಬೇಡಿ, ದಿಂಬಿನ ಚೀಲಕ್ಕೆ ಆದೀತು.