ಮದುವೆಯ ಮೇಳವೂ ಅದರ ಹಲವು ಹೆಸರುಗಳೂ

ಕೋಲಾರ ಸೀಮೆಯ ಹುಡುಗಿಗೆ ಮೂರು ಭಾಷೆಗಳು ಕಿವಿಗೆ ಬೀಳುವುದು ಸಹಜವು. ಮನೆಯಲ್ಲಿ ಕನ್ನಡವಾದರೆ ಬೀದಿಯಲ್ಲಿ ತೆಲುಗು, ಗಣಿಯ ಊರಿನ ಕಡೆಗೆ ಹೋದರೆ ತಮಿಳು. ಆದಕಾರಣ ಮದುವೆಯ ವಾದ್ಯಕ್ಕೂ ಇಲ್ಲಿ ಒಂದೇ ಹೆಸರಿಲ್ಲ. ಕನ್ನಡದವರಿಗೆ ಅದು ವಾಲಗ, ತೆಲುಗರಿಗೆ ಸನ್ನಾಯಿ ಮೇಳ, ತಮಿಳರಿಗೆ ನಾಗಸ್ವರ. ಜೊತೆಗಿರುವ ಡೋಲಿಗೆ ತಮಿಳರು ತವಿಲ್ ಎನ್ನುವರು.

ವಾಲಗವೆಂಬುದು ಓಲಗವೆಂಬ ಹಳೆಯ ಮಾತಿನ ರೂಪ. ಓಲಗವೆಂದರೆ ಅರಸನ ಸಭೆ, ಸೇವೆಯೆಂದೂ ಅರ್ಥವುಂಟು. ಸೇವೆಯ ಹೆಸರೇ ವಾದ್ಯಕ್ಕೂ ಅಂಟಿಕೊಂಡಿತು, ಊದುವವರು ವಾಲಗದವರಾದರು. ಮದುವೆಯ ನಾದಕ್ಕೆ ಸ್ವರದಿಂದಲ್ಲ, ಸಂದರ್ಭದಿಂದಲೇ ಹೆಸರು ಬರುವುದೆಂಬುದಕ್ಕೆ ಇದೊಂದು ನಿದರ್ಶನ. ಗಟ್ಟಿಮೇಳವನ್ನೇ ನೋಡಿರಿ. ಅದು ಒಂದು ರಾಗವೂ ಅಲ್ಲ, ಕೀರ್ತನೆಯೂ ಅಲ್ಲ. ತಾಳಿ ಕಟ್ಟುವ ಗಳಿಗೆಯಲ್ಲಿ ಸೀನು, ಅಳು ಮೊದಲಾದ ಅಶುಭ ಶಬ್ದಗಳು ಕೇಳಿಸಬಾರದೆಂದು ವಾದ್ಯಗಳೆಲ್ಲವೂ ಒಮ್ಮೆಗೇ ಮೊಳಗುತ್ತವೆ, ಅಷ್ಟೆ. ತಮಿಳರ ಕೆಟ್ಟಿ ಮೇಳವೂ ಇದೇ.

ಹೆಂಗಸರ ಹಾಡುಗಳಲ್ಲಿ ಈ ಸಂಗತಿ ಇನ್ನೂ ಸ್ಪಷ್ಟ. ಶೋಭನವೆಂಬ ಸಂಸ್ಕೃತ ಪದವು ನಮ್ಮ ಅಜ್ಜಿಯರ ಬಾಯಲ್ಲಿ ಸೋಬಾನೆಯಾಯಿತು. ಒಂದೇ ಮಟ್ಟಿಗೆ ಬೇರೆ ಬೇರೆ ಮಾತು ಹೊಂದಿಸಿ, ಹಸೆಗೆ ಕರೆಯುವಾಗ ಹಸೆಯ ಹಾಡೆಂದೂ ಆರತಿ ಎತ್ತುವಾಗ ಆರತಿಯ ಹಾಡೆಂದೂ ಕರೆದರು. ಮಟ್ಟಿಗೆ ಸ್ವಂತ ಹೆಸರು ಬೇಕೆಂದು ಅವರಿಗೆ ತೋರಲಿಲ್ಲ. ಸಂಗೀತ ಪಾಠದಲ್ಲಿ ಮೊದಲು ರಾಗದ ಹೆಸರನ್ನೇ ಕೇಳುವ ನಮಗೆ ಇದು ಸ್ವಲ್ಪ ವಿಚಿತ್ರವಾಗಿ ಕಾಣಬಹುದು.

ಪೂರ್ವ ಯೂರೋಪಿನ ಯೆಹೂದ್ಯರಲ್ಲಿಯೂ ಹೀಗೆಯೇ ನಡೆಯಿತು. ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯವು ನಾಶವಾದ ತರುವಾಯ ಅವರ ಗುರುಗಳು ವಾದ್ಯಸಂಗೀತಕ್ಕೆ ನಿರ್ಬಂಧವಿಟ್ಟರೂ ಮದುವೆಗೆ ಮಾತ್ರ ಅನುಮತಿಯಿತ್ತರು. ಹೀಬ್ರೂ ಭಾಷೆಯಲ್ಲಿ 'ಕ್ಲೇ ಜೆಮೆರ್' ಎಂದರೆ ಗಾನದ ಉಪಕರಣಗಳು. ಅದೇ ಮಾತು ಕ್ಲೆಜ್ಮೆರ್ ಎಂದಾಗಿ ಮೊದಲು ವಾದಕನಿಗೂ ಕಡೆಗೆ ಆ ಸಂಗೀತಕ್ಕೂ ಹೆಸರಾಯಿತು. ಅವರ ಉಲ್ಲಾಸದ ನೃತ್ಯದ ಮಟ್ಟಿಗೆ ಒಂದೂರಿನಲ್ಲಿ ಫ್ರೈಲೆಖ್ಸ್, ಇನ್ನೊಂದರಲ್ಲಿ ಹೋಪ್ಕೆ, ಮತ್ತೊಂದರಲ್ಲಿ ಕರಹೋಡ್ ಎಂಬ ಹೆಸರು.

1939ರಿಂದ 1945ರ ವರೆಗಿನ ಯುದ್ಧಕಾಲದಲ್ಲಿ ಆ ಊರುಗಳ ಲಕ್ಷಾಂತರ ಯೆಹೂದ್ಯರು ಕೊಲ್ಲಲ್ಪಟ್ಟರು. ಹಾಡು ಬಲ್ಲವರೂ ಅವರೊಡನೆ ಹೋದರು. ಅದಕ್ಕೆ ಮುಂಚೆಯೇ ಮೊಯ್ಸೆಯ್ ಬೆರೆಗೋವ್ಸ್ಕಿ ಎಂಬ ವಿದ್ವಾಂಸರು ಉಕ್ರೇನಿನಲ್ಲಿ ಮೇಣದ ಉರುಳೆಗಳ ಮೇಲೆ ಹಾಡುಗಳನ್ನು ಮುದ್ರಿಸಿಕೊಳ್ಳತೊಡಗಿದ್ದರು. ಕೀವಿನ ವರ್ನಾಡ್‌ಸ್ಕಿ ಗ್ರಂಥಾಲಯದಲ್ಲಿ ಆ ಸಂಗ್ರಹವು ಉಳಿದಿದೆ.

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಅಜ್ಜಿಯರಿಂದ ಸೋಬಾನೆಗಳನ್ನು ಬರೆದುಕೊಳ್ಳುವ ನಮ್ಮ ಹಳೆಯ ವಿದ್ಯಾರ್ಥಿನಿಯರು, ಹಾಡಿನ ಕೆಳಗೆ ಊರಿನ ಹೆಸರನ್ನೂ ಯಾವ ಶಾಸ್ತ್ರಕ್ಕೆ ಹಾಡಿದರೆಂಬುದನ್ನೂ ತಪ್ಪದೆ ಬರೆಯಬೇಕಾಗಿ ಕೋರುತ್ತೇನೆ. ತೆಲುಗಿನಲ್ಲಿ ಅದಕ್ಕೆ ಬೇರೆ ಹೆಸರಿದ್ದರೆ ಅದನ್ನೂ ಪಕ್ಕದಲ್ಲಿ ಸೇರಿಸಿರಿ.