676 ಮತಗಳ ಲೆಕ್ಕ

"ಹೊರಗಿನವರು ಬಂದು ಊರಿನ ರಾಜಕೀಯ ಬದಲಾಯಿಸ್ತಿದ್ದಾರೆ." ರಜೆಗೆ ಕುಮಟಾ, ಹೊನ್ನಾವರ, ಭಟ್ಕಳಕ್ಕೆ ಹೋದಾಗೆಲ್ಲ ನಾವು ಕೇಳುವ ಮಾತಿದು. ಕಾನೂನು ಇಟ್ಟುಕೊಂಡು ನೋಡೋಣ.

ತಾಲೂಕು ಮೂರು, ವಿಧಾನಸಭಾ ಕ್ಷೇತ್ರ ಎರಡೇ. ಹೊನ್ನಾವರ ತಾಲೂಕು ಕುಮಟಾ, ಭಟ್ಕಳ ಎರಡಕ್ಕೂ ಹಂಚಿಹೋಗಿದೆ. ಲೋಕಸಭೆಗೆ 1996ರಿಂದ ಇಲ್ಲಿ ಸಂಪ್ರದಾಯವಾದಿ ರಾಜಕೀಯದ್ದೇ ಮೇಲುಗೈ: 1999 ಒಂದನ್ನು ಬಿಟ್ಟು ಪ್ರತಿ ಸಲ ಗೆದ್ದದ್ದು ಬಿಜೆಪಿ. ವಿಧಾನಸಭೆ ಅಷ್ಟು ಸಲೀಸಲ್ಲ. 2023ರಲ್ಲಿ ಭಟ್ಕಳ ಕಾಂಗ್ರೆಸ್‌ಗೆ ಹೋಯ್ತು, ಕುಮಟಾದಲ್ಲಿ ಬಿಜೆಪಿ ಉಳಿದದ್ದು ಬರೀ 676 ಮತಗಳಿಂದ. (ನಮ್ಮ ಕಾಲೇಜಿನ ಒಂದು ಬ್ಯಾಚೇ ಇದಕ್ಕಿಂತ ದೊಡ್ಡದು!)

ಹಾಗಾದ್ರೆ ಮೀನುಗಾರಿಕೆ ಬೋಟ್‌ಗಳಲ್ಲಿ ದುಡಿಯುವ ಒಡಿಶಾ, ಜಾರ್ಖಂಡ್‌ನ ಹುಡುಗರು ಫಲಿತಾಂಶ ತಿರುಗಿಸಬಹುದಾ? 1950ರ ಪ್ರಜಾಪ್ರತಿನಿಧಿ ಕಾಯ್ದೆ ಹುಟ್ಟೂರನ್ನೂ ಕೇಳಲ್ಲ, ಭಾಷೆಯನ್ನೂ ಕೇಳಲ್ಲ. ಭಾರತದ ಪ್ರಜೆಯಾಗಿರಬೇಕು, 18 ತುಂಬಿರಬೇಕು, ಆ ಕ್ಷೇತ್ರದ 'ಸಾಮಾನ್ಯ ನಿವಾಸಿ' ಆಗಿರಬೇಕು. ಮನೆ ಇದೆ ಅಂದ ಮಾತ್ರಕ್ಕೆ ನಿವಾಸಿ ಆಗೋದಿಲ್ಲ. ಸ್ವಲ್ಪ ದಿನ ಊರು ಬಿಟ್ಟ ಮಾತ್ರಕ್ಕೆ ನಿವಾಸ ತಪ್ಪೋದೂ ಇಲ್ಲ. ಎರಡು ಕ್ಷೇತ್ರದಲ್ಲಿ ಹೆಸರು ಇರುವಂತಿಲ್ಲ. ಅಂದ್ರೆ, ಮಳೆಗಾಲದ ನಿಷೇಧ ಬಂದ ಕೂಡಲೇ ಊರಿಗೆ ಹೊರಡುವ, ಅಲ್ಲಿನ ಪಟ್ಟಿಯಲ್ಲೇ ಹೆಸರಿರುವ ಹುಡುಗ ಕುಮಟಾದ ಭಾಷಣಗಳಲ್ಲಿ ಬರಬಹುದು, ಮತಯಂತ್ರದ ಹತ್ತಿರ ಬರೋದಿಲ್ಲ. ಇಲ್ಲೇ ಸಂಸಾರ ಹೂಡಿದವನ ಮಾತು ಬೇರೆ: ಅವನ ಮತ ಇಲ್ಲಿಯದೇ, ಅವನನ್ನು 'ಹೊರಗಿನವ' ಅನ್ನೋದು ನಮ್ಮ ಬಾಯಿ, ಕಾನೂನಲ್ಲ.

ಹಾಸ್ಟೆಲ್‌ನಲ್ಲಿರೋ ನಾವೂ ಈ ಊರಿಗೆ ಹೊರಗಿನವರೇ. ಮನೆಯ ವಿಳಾಸವೋ ಹಾಸ್ಟೆಲ್ ವಿಳಾಸವೋ, ಒಂದನ್ನು ಆರಿಸಿಕೊಳ್ಳಬೇಕು. ಅರ್ಜಿ ನಮೂನೆ 6.