ಮುಟ್ಟು ನಿಲ್ಲುವ ಕಾಲ: ತೊಂದರೆಗಳ ನಿರ್ವಹಣೆ ಮತ್ತು ಚಿಕಿತ್ಸೆಯ ಆಯ್ಕೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಒಕ್ಕಲುತನದ ಬಹಳಷ್ಟು ಕೆಲಸ ಹೆಣ್ಣುಮಕ್ಕಳ ಕೈಯಲ್ಲಿ ನಡೆಯುತ್ತದೆ. ತೊಗರಿಯಲ್ಲಿ ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಹಿಂಗಾರಿ ಜೋಳದ ಕೊಯ್ಲು, ಉಳ್ಳಾಗಡ್ಡಿ ಕೀಳುವುದು, ಲಿಂಬೆ ಹಣ್ಣು ಆರಿಸುವುದು ಇವೆಲ್ಲ ಅವರ ಪಾಲಿನ ಕೆಲಸಗಳು. ಈ ದುಡಿಯುವ ಕೈಗಳಲ್ಲಿ ನಲವತ್ತು ದಾಟಿದವರು ಅನೇಕರು. ಆ ವಯಸ್ಸಿನಲ್ಲಿ ಮೈ ಝಳ, ನಿದ್ರೆಗೇಡು, ಕೀಲುನೋವು, ಸಿಟ್ಟು, ಮರೆವು ಕಾಣಿಸಿಕೊಂಡಾಗ ಮನೆಯಲ್ಲಿ ಒಂದೋ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಇಲ್ಲವೆ ಸಾಲ ಮಾಡಿ ಗರ್ಭಚೀಲ ತೆಗೆಸುವ ಮಾತು ಬರುತ್ತದೆ. ಇವೆರಡೂ ಸರಿಯಾದ ದಾರಿಯಲ್ಲ. ಮುಟ್ಟು ನಿಲ್ಲುವುದು ರೋಗವಲ್ಲ. ಆದರೆ ಅದರೊಡನೆ ಬರುವ ತೊಂದರೆಗಳಿಗೆ ಪರಿಹಾರವಿದೆ. ಯಾವ ತೊಂದರೆಗೆ ಯಾವ ಪರಿಹಾರ ಎಂಬುದನ್ನು ತೂಗಿ ನೋಡಿ ಆರಿಸಿಕೊಳ್ಳಬೇಕು.

ಮುಟ್ಟು ನಿಲ್ಲುವುದೆಂದರೇನು?

ಹೆಣ್ಣಿನ ಅಂಡಾಶಯಗಳು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ನಲವತ್ತರ ನಂತರ ಇದರ ಪ್ರಮಾಣ ಏರಿಳಿದು ಕ್ರಮೇಣ ಕಡಿಮೆಯಾಗುತ್ತದೆ. ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಅದು ನಿಂತಿದೆ ಎಂದು ತಿಳಿಯಬೇಕು. ಭಾರತದಲ್ಲಿ ಇದರ ಸರಾಸರಿ ವಯಸ್ಸು ಸುಮಾರು 46 ವರ್ಷ. ನಲವತ್ತಕ್ಕಿಂತ ಮೊದಲೇ ನಿಂತರೆ ಅದು ಅಕಾಲಿಕ. ಅಂಥವರು ತಪ್ಪದೆ ವೈದ್ಯರನ್ನು ಕಾಣಬೇಕು. ಸಂತಾನಹರಣ ಶಸ್ತ್ರಕ್ರಿಯೆಯಿಂದ ಮುಟ್ಟು ಬೇಗ ನಿಲ್ಲುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಆ ಶಸ್ತ್ರಕ್ರಿಯೆಯಲ್ಲಿ ಅಂಡನಾಳಗಳನ್ನು ಮಾತ್ರ ಕಟ್ಟುವುದರಿಂದ ಈ ನಂಬಿಕೆಗೆ ಆಧಾರವಿಲ್ಲ.

ಈಸ್ಟ್ರೋಜನ್ ಇಳಿದಾಗ ಮಿದುಳಿನಲ್ಲಿ ಮೈ ಕಾವನ್ನು ಕಾಯುವ ಕೇಂದ್ರ ಸೂಕ್ಷ್ಮವಾಗುತ್ತದೆ. ಸ್ವಲ್ಪ ಕಾವು ಏರಿದರೂ ಅದು ಹೆಚ್ಚಾಯಿತೆಂದು ತಿಳಿದು ರಕ್ತವನ್ನು ಚರ್ಮದ ಕಡೆಗೆ ಹರಿಸಿ ಬೆವರು ತರಿಸುತ್ತದೆ. ಇದೇ ಮೈ ಝಳ. ಒಂದು ಸಲ ಬಂದದ್ದು ಕೆಲವು ನಿಮಿಷ ಇರುತ್ತದೆ. ಅಮೆರಿಕದಲ್ಲಿ ನಡೆದ ದೀರ್ಘಕಾಲದ ಅಧ್ಯಯನವೊಂದರಲ್ಲಿ ಝಳದ ಅವಧಿ ಅರ್ಧದಷ್ಟು ಮಹಿಳೆಯರಲ್ಲಿ 7.4 ವರ್ಷಕ್ಕಿಂತ ಹೆಚ್ಚು ಇದ್ದುದು ಕಂಡುಬಂದಿತು. ಆದುದರಿಂದ "ನಾಲ್ಕು ದಿನ ತಡೆದುಕೋ" ಎಂಬ ಸಮಾಧಾನ ಸಾಲದು.

ಮೊದಲು ದಾಖಲೆ

ಮಳೆಯ ಲೆಕ್ಕವಿಲ್ಲದೆ ಬೆಳೆಗೆ ನೀರಿನ ಲೆಕ್ಕ ಹಾಕಲಾಗದು. ಅದೇ ರೀತಿ, ಝಳ ಎಷ್ಟು ಸಲ ಬಂತು, ರಾತ್ರಿ ಎಷ್ಟು ಸಲ ಎಚ್ಚರವಾಯಿತು ಎಂಬುದನ್ನು ಎರಡು ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಗುರುತಿಸಬೇಕು. ಮುಟ್ಟಾದ ದಿನ, ರಕ್ತಸ್ರಾವದ ಪ್ರಮಾಣವನ್ನೂ ಬರೆಯಬೇಕು. ಓದು ಬಾರದವರೂ ಇದನ್ನು ಮಾಡಬಹುದು. ದವಾಖಾನೆಗೆ ಹೋಗುವಾಗ ಈ ಹಾಳೆ ಜೊತೆಗಿದ್ದರೆ ವೈದ್ಯರಿಗೆ ಚಿಕಿತ್ಸೆ ನಿರ್ಧರಿಸುವುದು ಸುಲಭ. ಚಿಕಿತ್ಸೆಯ ನಂತರ ಫಲ ಸಿಕ್ಕಿತೋ ಇಲ್ಲವೋ ಎಂಬುದೂ ಇದರಿಂದಲೇ ತಿಳಿಯುತ್ತದೆ.

ಹೊಲ ಮತ್ತು ಮನೆಯಲ್ಲಿ ಅನುಸರಿಸಬೇಕಾದ ಕ್ರಮಗಳು

1. ಬೇಸಿಗೆಯಲ್ಲಿ ಹೊರಗಿನ ಬಿಸಿಲು ಒಳಗಿನ ಝಳವನ್ನು ಹೆಚ್ಚಿಸುತ್ತದೆ. ಹೊಲದ ಕೆಲಸವನ್ನು ಬೆಳಗಿನ ಹತ್ತರೊಳಗೆ ಮತ್ತು ಸಂಜೆ ನಾಲ್ಕರ ನಂತರ ಇಟ್ಟುಕೊಳ್ಳಬೇಕು. ಕೂಲಿ ಹಿಡಿಯುವವರೂ ಇದಕ್ಕೆ ಒಪ್ಪಬೇಕು.

2. ಬಾಯಾರಿಕೆಗೆ ಕಾಯದೆ ಆಗಾಗ ನೀರು, ಮಜ್ಜಿಗೆ ಅಥವಾ ಲಿಂಬೆ ಪಾನಕ ಕುಡಿಯಬೇಕು. ಹೊಲದಲ್ಲಿ ಮರೆಯಿಲ್ಲವೆಂದು ನೀರು ಕುಡಿಯದೆ ಇರುವುದು ತಪ್ಪು. ಇದರಿಂದ ಉರಿಮೂತ್ರ ಬರುತ್ತದೆ.

3. ಸಡಿಲವಾದ ಹತ್ತಿ ಬಟ್ಟೆ ಧರಿಸಬೇಕು. ರಾತ್ರಿ ಗಾಳಿಯಾಡುವ ಕಡೆ ಮಲಗಬೇಕು.

4. ಚಹಾ, ಹೆಚ್ಚು ಖಾರ ಕೆಲವರಲ್ಲಿ ಝಳ ತರುತ್ತವೆ, ಎಲ್ಲರಲ್ಲೂ ಅಲ್ಲ. ಒಂದೊಂದನ್ನೇ ಒಂದು ವಾರ ಬಿಟ್ಟು ಗೀಟುಗಳನ್ನು ಎಣಿಸಿ ನೋಡಬೇಕು. ಎಲ್ಲವನ್ನೂ ಒಮ್ಮೆಗೇ ಬಿಟ್ಟರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

5. ಕೆಮ್ಮಿದಾಗ, ಹೊರೆ ಎತ್ತಿದಾಗ ಮೂತ್ರ ಜಿನುಗುವವರು ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನು 5 ಸೆಕೆಂಡು ಬಿಗಿಹಿಡಿದು ಸಡಿಲಿಸಬೇಕು. ಒಂದು ಸಲಕ್ಕೆ 10ರಂತೆ ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು ಮಾಡಿದರೆ ಗುಣ ಕಾಣುತ್ತದೆ.

6. ತಂಬಾಕು ಯಾವ ರೂಪದಲ್ಲಿದ್ದರೂ ಬಿಡಬೇಕು.

ಎಲುಬಿನ ರಕ್ಷಣೆ ಮತ್ತು ಆಹಾರ

ಝಳ ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಎಲುಬಿನದು. ಮುಟ್ಟು ನಿಂತ ಮೊದಲ 5ರಿಂದ 7 ವರ್ಷಗಳಲ್ಲಿ ಎಲುಬಿನ ಸಾಂದ್ರತೆ ಶೇಕಡಾ 20ರವರೆಗೆ ಇಳಿಯಬಹುದು. ಮುಂದೆ ಸಣ್ಣದಾಗಿ ಬಿದ್ದರೂ ಮಣಿಕಟ್ಟು, ಸೊಂಟದ ಎಲುಬು ಮುರಿಯುವುದು ಇದರಿಂದಲೇ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2020ರ ಶಿಫಾರಸಿನಂತೆ ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1,200 ಮಿಲಿಗ್ರಾಂ ಸುಣ್ಣದಂಶ ಬೇಕು. ನಮ್ಮ ಭಾಗದ ಮುಖ್ಯ ಆಹಾರವಾದ ಜೋಳದಲ್ಲಿ ಇದು 100 ಗ್ರಾಮಿಗೆ 30 ಮಿಲಿಗ್ರಾಮೂ ಇಲ್ಲ. ರೊಟ್ಟಿ, ಬ್ಯಾಳಿಯಿಂದ ಮಾತ್ರ ಈ ಕೊರತೆ ತುಂಬದು. ದಿನದ ಅಂದಾಜು ಹೀಗಿರಬಹುದು:

ಜೋಳದ ಹಿಟ್ಟು 300 ಗ್ರಾಂ: ಸುಮಾರು 80 ಮಿಲಿಗ್ರಾಂ
ತೊಗರಿ ಬ್ಯಾಳಿ 50 ಗ್ರಾಂ: ಸುಮಾರು 35 ಮಿಲಿಗ್ರಾಂ
ಎಮ್ಮೆ ಹಾಲು ಅಥವಾ ಮೊಸರು ಅರ್ಧ ಲೀಟರ್: ಸುಮಾರು 600 ಮಿಲಿಗ್ರಾಂ
ಎಳ್ಳು 20 ಗ್ರಾಂ: ಸುಮಾರು 250 ಮಿಲಿಗ್ರಾಂ
ನುಗ್ಗೆ ಸೊಪ್ಪು 100 ಗ್ರಾಂ: ಸುಮಾರು 300 ಮಿಲಿಗ್ರಾಂ

ಒಟ್ಟು 1,265 ಮಿಲಿಗ್ರಾಂ ಆಗುತ್ತದೆ. ನುಗ್ಗೆ ಸೊಪ್ಪು ಸಿಗದಾಗ 100 ಗ್ರಾಂ ರಾಗಿ ಸುಮಾರು 350 ಮಿಲಿಗ್ರಾಂ ಒದಗಿಸುತ್ತದೆ. ಇದರಲ್ಲಿ ಅರ್ಧದಷ್ಟು ಬರುವುದು ಹಾಲಿನಿಂದ ಎಂಬುದನ್ನು ಗಮನಿಸಬೇಕು. ಹಿಂಡಿದ ಹಾಲನ್ನೆಲ್ಲ ಡೇರಿಗೆ ಹಾಕುವ ಮನೆಯಲ್ಲಿ ಎಮ್ಮೆ ಕಟ್ಟಿ ಸಾಕಿದ ಹೆಣ್ಣುಮಗಳಿಗೆ ಅರ್ಧ ಲೀಟರ್ ತೆಗೆದಿಡುವುದು ಖರ್ಚಲ್ಲ. ಗುಳಿಗೆಯ ಅವಶ್ಯಕತೆ ಇದೆಯೇ ಎಂಬುದನ್ನು ವೈದ್ಯರು ನಿರ್ಧರಿಸಬೇಕು. ಕಬ್ಬಿಣದಂಶದ ಗುಳಿಗೆಯನ್ನೂ ಸುಣ್ಣದಂಶದ ಗುಳಿಗೆಯನ್ನೂ ಒಂದೇ ಹೊತ್ತಿಗೆ ತೆಗೆದುಕೊಳ್ಳಬಾರದು.

ಚಿಕಿತ್ಸೆಯನ್ನು ತೂಗಿ ನೋಡುವ ಬಗೆ

ಹೊಸ ಗೊಬ್ಬರ ಹಾಕಿದ ಹೊಲದಲ್ಲಿ ಇಳುವರಿ ಹೆಚ್ಚಿದರೆ ಅದು ಗೊಬ್ಬರದಿಂದಲೋ ಒಳ್ಳೆಯ ಮಳೆಯಿಂದಲೋ? ಪಕ್ಕದಲ್ಲಿ ಗೊಬ್ಬರ ಹಾಕದ ತಾಕು ಇದ್ದರೆ ಮಾತ್ರ ಹೇಳಬಹುದು. ಔಷಧಿಗೂ ಇದೇ ನಿಯಮ. ಝಳದ ಮೇಲೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಔಷಧಿಯೇ ಇಲ್ಲದ ಹುಸಿ ಗುಳಿಗೆ ನುಂಗಿದ ಮಹಿಳೆಯರಲ್ಲೂ ಝಳ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಆದುದರಿಂದ "ಆಕೆಗೆ ಗುಣವಾಯಿತು" ಎಂಬ ಒಂದು ಮಾತಿನಿಂದ ಯಾವ ಔಷಧಿಯನ್ನೂ ಒಪ್ಪಬಾರದು. ಅದು ಹುಸಿ ಗುಳಿಗೆಗಿಂತ ಹೆಚ್ಚು ಗುಣ ಕೊಟ್ಟಿದೆಯೇ ಎಂದು ಕೇಳಬೇಕು.

ಅಗಸೆ: ಅಗಸೆಯಲ್ಲಿ ಈಸ್ಟ್ರೋಜನ್ನನ್ನು ಹೋಲುವ ಅಂಶವಿದೆ. ಆದರೆ 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 188 ಮಹಿಳೆಯರಿಗೆ ಅಗಸೆ ಇದ್ದ ಮತ್ತು ಇಲ್ಲದ ತಿನಿಸು ಕೊಟ್ಟಾಗ ಎರಡೂ ಗುಂಪುಗಳಲ್ಲಿ ಝಳ ಇಳಿದ ಪ್ರಮಾಣ ಹೆಚ್ಚು ಕಡಿಮೆ ಒಂದೇ ಆಗಿತ್ತು. ಅಗಸಿ ಹಿಂಡಿ ಒಳ್ಳೆಯ ಆಹಾರ, ರೊಟ್ಟಿಯ ಜೊತೆ ತಿನ್ನಬೇಕು. ಝಳದ ಔಷಧಿಯೆಂದು ದುಬಾರಿ ಡಬ್ಬಿ ಕೊಳ್ಳಬೇಕಾಗಿಲ್ಲ.

ಹಾರ್ಮೋನು ಚಿಕಿತ್ಸೆ: ಝಳಕ್ಕೆ ಅತ್ಯಂತ ಪರಿಣಾಮಕಾರಿ ಚಿಕಿತ್ಸೆ ಇದು. ಹುಸಿ ಗುಳಿಗೆಗೆ ಹೋಲಿಸಿದಾಗ ಇದು ಝಳದ ಸಂಖ್ಯೆಯನ್ನು ಶೇಕಡಾ 75ರಷ್ಟು ಇಳಿಸುತ್ತದೆ. ಎಲುಬಿಗೂ ರಕ್ಷಣೆ ಕೊಡುತ್ತದೆ. ಗರ್ಭಚೀಲ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಡಬಾರದು. ಜೊತೆಗೆ ಪ್ರೊಜೆಸ್ಟೆರಾನ್ ಇರಬೇಕು, ಇಲ್ಲವಾದರೆ ಗರ್ಭಚೀಲದ ಒಳಪದರಿನ ಕ್ಯಾನ್ಸರಿನ ಸಂಭವ ಹೆಚ್ಚುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ತಿಳಿದಿರಬೇಕು. ಅಮೆರಿಕದಲ್ಲಿ 50ರಿಂದ 79 ವರ್ಷದ 16,608 ಮಹಿಳೆಯರ ಮೇಲೆ ನಡೆದ ದೊಡ್ಡ ಪ್ರಯೋಗವನ್ನು 2002ರಲ್ಲಿ ಅರ್ಧಕ್ಕೆ ನಿಲ್ಲಿಸಲಾಯಿತು. ಎರಡೂ ಹಾರ್ಮೋನು ಕೂಡಿದ ಗುಳಿಗೆ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಮಂದಿಗೆ ಸ್ತನ ಕ್ಯಾನ್ಸರ್ 8, ಪಾರ್ಶ್ವವಾಯು 8 ಹೆಚ್ಚಾಗಿ, ಸೊಂಟದ ಎಲುಬು ಮುರಿತ 5 ಕಡಿಮೆಯಾಗಿ ಕಂಡವು. ಆ ಮಹಿಳೆಯರ ಸರಾಸರಿ ವಯಸ್ಸು 63. ನಂತರದ ವಿಶ್ಲೇಷಣೆಗಳಿಂದ, 60 ವರ್ಷದ ಒಳಗಿನವರಿಗೆ ಅಥವಾ ಮುಟ್ಟು ನಿಂತು 10 ವರ್ಷ ಮೀರದವರಿಗೆ, ತೀವ್ರ ತೊಂದರೆ ಇದ್ದರೆ, ಲಾಭವೇ ಹೆಚ್ಚೆಂದು ತಜ್ಞರು ಒಪ್ಪಿದ್ದಾರೆ. ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಆದವರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ ಹಾಗೂ ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಸಲ್ಲದು. ಔಷಧಿ ಅಂಗಡಿಯಿಂದ ತಾವಾಗಿಯೇ ತಂದು ನುಂಗಬಾರದು.

ಹಾರ್ಮೋನು ಇಲ್ಲದ ಔಷಧಿ: ಹಾರ್ಮೋನು ಸಲ್ಲದವರಿಗೆ ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್, ಗ್ಯಾಬಪೆಂಟಿನ್‌ನಂತಹ ಔಷಧಿಗಳನ್ನು ವೈದ್ಯರು ಕೊಡುತ್ತಾರೆ. ಇವುಗಳ ಗುಣ ಹಾರ್ಮೋನಿಗಿಂತ ಕಡಿಮೆ, ಹುಸಿ ಗುಳಿಗೆಗಿಂತ ಹೆಚ್ಚು. ಸ್ತನ ಕ್ಯಾನ್ಸರಿಗೆ ಟ್ಯಾಮೊಕ್ಸಿಫೆನ್ ತೆಗೆದುಕೊಳ್ಳುವವರು ಪ್ಯಾರೊಕ್ಸೆಟಿನ್ ತೆಗೆದುಕೊಳ್ಳಬಾರದು.

ಯೋನಿಯ ಶುಷ್ಕತೆ: ಗಂಡ ಹೆಂಡಿರ ಸಂಬಂಧದಲ್ಲಿ ನೋವು, ಪದೇ ಪದೇ ಉರಿಮೂತ್ರ ಇದರ ಲಕ್ಷಣಗಳು. ನಾಚಿಕೆಯಿಂದ ಹೇಳದೆ ಹೋಗುವ ತೊಂದರೆ ಇದೇ. ಕಡಿಮೆ ಪ್ರಮಾಣದ ಈಸ್ಟ್ರೋಜನ್ ಮುಲಾಮನ್ನು ಒಳಗೆ ಹಚ್ಚುವುದರಿಂದ ಗುಣವಾಗುತ್ತದೆ. ಇದು ರಕ್ತಕ್ಕೆ ಸೇರುವುದು ಬಹಳ ಕಡಿಮೆ.

ಗರ್ಭಚೀಲ ತೆಗೆಸುವ ಮುನ್ನ

ಝಳ ಬರುವುದು ಅಂಡಾಶಯದ ಹಾರ್ಮೋನು ಇಳಿಯುವುದರಿಂದ, ಗರ್ಭಚೀಲದಿಂದಲ್ಲ. ಆದುದರಿಂದ ಗರ್ಭಚೀಲ ತೆಗೆಸಿದರೆ ಝಳ ನಿಲ್ಲುವುದಿಲ್ಲ. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಮರುದಿನದಿಂದಲೇ ಝಳ ತೀವ್ರವಾಗುತ್ತದೆ, ಎಲುಬಿನ ಸವೆತ ಹತ್ತಾರು ವರ್ಷ ಮೊದಲೇ ಶುರುವಾಗುತ್ತದೆ. ಅಂಡಾಶಯ ಉಳಿಸಿದರೂ ಅವು ಕೆಲವು ವರ್ಷ ಮೊದಲೇ ಕೆಲಸ ನಿಲ್ಲಿಸಬಹುದು.

ಇದು ದೂರದ ಮಾತಲ್ಲ. ನೆರೆಯ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಹಾಗೂ ದಲಿತ ಕುಟುಂಬಗಳ ಮಹಿಳೆಯರ ಗರ್ಭಚೀಲವನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂಬ ದೂರು 2015ರಲ್ಲಿ ದೊಡ್ಡದಾಗಿ ಎದ್ದು ತನಿಖೆ ನಡೆಯಿತು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ವಿಷಯದಲ್ಲೂ ಇದೇ ಸುದ್ದಿ ಬಂದಿತು. ಕಬ್ಬು ಕಡಿಯಲು ನಮ್ಮ ತಾಲೂಕುಗಳಿಂದಲೂ ಗುಳೆ ಹೋಗುವವರಿದ್ದಾರೆ. ಅನಗತ್ಯ ಶಸ್ತ್ರಕ್ರಿಯೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಆದೇಶಿಸಿತು.

ಕ್ಯಾನ್ಸರ್, ದೊಡ್ಡ ಗಡ್ಡೆ, ಗರ್ಭಚೀಲ ಹೊರಜಾರುವುದು, ಔಷಧಿಗೆ ಬಗ್ಗದ ರಕ್ತಸ್ರಾವ ಇದ್ದಾಗ ಶಸ್ತ್ರಕ್ರಿಯೆ ಅವಶ್ಯವಾಗಬಹುದು. ಬಿಳಿಮುಟ್ಟು, ಸೊಂಟನೋವು ಅಥವಾ "ಮುಂದೆ ಕ್ಯಾನ್ಸರ್ ಆದೀತು" ಎಂಬ ಅಂಜಿಕೆ ಇದಕ್ಕೆ ಕಾರಣವಾಗಬಾರದು. ಯಾರಾದರೂ ತೆಗೆಸಲು ಹೇಳಿದರೆ ಈ ಐದು ಪ್ರಶ್ನೆ ಕೇಳಬೇಕು:

1. ರೋಗದ ಹೆಸರೇನು? ಕಾಗದದ ಮೇಲೆ ಬರೆದು ಕೊಡುವಿರಾ?
2. ಸ್ಕ್ಯಾನಿಂಗ್‌ನಲ್ಲಿ, ಒಳಪದರಿನ ತುಣುಕು ಪರೀಕ್ಷೆಯಲ್ಲಿ ಏನು ಕಂಡಿದೆ?
3. ಮೊದಲು ಔಷಧಿ ಕೊಟ್ಟು ನೋಡಬಹುದೇ?
4. ಅಂಡಾಶಯಗಳನ್ನು ಉಳಿಸುವಿರಾ?
5. ಒಂದು ತಿಂಗಳು ತಡೆದರೆ ಏನಾಗುತ್ತದೆ?

ಉತ್ತರ ಪಡೆದು ತಾಲೂಕು ಆಸ್ಪತ್ರೆಯ ಅಥವಾ ವಿಜಯಪುರದ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಂದ ಎರಡನೆಯ ಅಭಿಪ್ರಾಯ ಪಡೆಯಬೇಕು. ಅದಕ್ಕೂ ಮೊದಲು ಎತ್ತು ಮಾರಬಾರದು, ಸಾಲ ಎತ್ತಬಾರದು.

ತಡಮಾಡದೆ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಪರೀಕ್ಷೆ ಮಾಡಿಸಲೇಬೇಕು. ಅದು ಮುಟ್ಟು ಮರಳಿ ಬಂದದ್ದಲ್ಲ, ಕ್ಯಾನ್ಸರಿನ ಮುನ್ಸೂಚನೆ ಇರಬಹುದು. ಸಂಬಂಧದ ನಂತರ ರಕ್ತ, ವಾಸನೆಯುಕ್ತ ಸ್ರಾವ, ಸ್ತನದಲ್ಲಿ ಗಂಟು, ಬದುಕು ಬೇಡವೆನಿಸುವ ಬೇಸರ ಇವುಗಳನ್ನೂ ಅಲಕ್ಷಿಸಬಾರದು. 30ರಿಂದ 65 ವರ್ಷದ ಮಹಿಳೆಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರಕಾರಿ ಕಾರ್ಯಕ್ರಮದಲ್ಲಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ತಪಾಸಣೆಯನ್ನೂ ಅದರೊಡನೆ ಮಾಡಿಸಿಕೊಳ್ಳಬೇಕು.

ವಿಸ್ತರಣಾ ಕಾರ್ಯಕರ್ತರ ಪಾತ್ರ

ಮಹಿಳಾ ಸ್ವಸಹಾಯ ಸಂಘದ ಸಭೆಗಳಲ್ಲಿ ಬೀಜ, ಗೊಬ್ಬರದ ವಿಷಯದ ಜೊತೆ ಈ ವಿಷಯಕ್ಕೂ ಅರ್ಧ ತಾಸು ಕೊಡಬಹುದು. ಆಶಾ ಕಾರ್ಯಕರ್ತೆಯನ್ನು ಕರೆಸಿ, ಗೀಟು ಹಾಕುವ ಕ್ಯಾಲೆಂಡರು ಮತ್ತು ಮೇಲಿನ ಐದು ಪ್ರಶ್ನೆಗಳನ್ನು ತಿಳಿಸಬೇಕು. ಹಿತ್ತಲಿಗೆ ಎರಡು ನುಗ್ಗೆ ಗಿಡ ನೆಡಿಸಬೇಕು. ಗಂಡಸರ ಸಭೆಯಲ್ಲೂ ಇದನ್ನು ಹೇಳುವುದು ಅವಶ್ಯ, ಏಕೆಂದರೆ ದವಾಖಾನೆಯ ಖರ್ಚು ತೀರ್ಮಾನಿಸುವವರು ಸಾಮಾನ್ಯವಾಗಿ ಅವರೇ.

ಬಿತ್ತಿದ ಬೆಳೆ ಹಳದಿಯಾದರೆ ರೈತನು ಅದನ್ನು ಕಿತ್ತು ಎಸೆಯುವುದಿಲ್ಲ. ನೀರಿನ ಕೊರತೆಯೋ, ಸತುವಿನ ಕೊರತೆಯೋ, ರೋಗವೋ ಎಂದು ಮೊದಲು ಕಾರಣ ಹುಡುಕುತ್ತಾನೆ. ಮನೆಯ ಹೆಣ್ಣುಮಗಳ ಮೈಯ ವಿಷಯದಲ್ಲಿಯೂ ಅಷ್ಟೇ ತಾಳ್ಮೆಯಿಂದ ಕಾರಣ ತಿಳಿದು ಚಿಕಿತ್ಸೆ ಮಾಡಿಸಿದರೆ ಮುಟ್ಟು ನಿಂತ ನಂತರದ ಇಪ್ಪತ್ತು, ಮೂವತ್ತು ವರ್ಷಗಳನ್ನು ಆಕೆ ಆರೋಗ್ಯದಿಂದ ಕಳೆಯಬಹುದು.